ಜಾನುವಾರುಗಳಿಗೆ ವಿದ್ಯುತ್ ಬೇಲಿ: ವೆಚ್ಚವೆಷ್ಟು, ಪ್ರಯೋಜನವೆಷ್ಟು?

ಹಸು, ಎಮ್ಮೆ, ಕುರಿ, ಮೇಕೆಗಳು ಸಣ್ಣ ಹಿಡುವಳಿದಾರನ ಪಾಲಿಗೆ ಕಷ್ಟಕಾಲದ ಗಂಟು. ಬೆಳೆ ಕೈಕೊಟ್ಟ ವರ್ಷದಲ್ಲಿ ಮನೆಯ ಖರ್ಚನ್ನು ತೂಗಿಸುವುದು ಹಾಲಿನ ಹಣ. ಮದುವೆಗೋ ಆಸ್ಪತ್ರೆಗೋ ತುರ್ತಾಗಿ ಬೇಕಾದಾಗ ಒದಗುವುದು ಮಾರಿದ ಮೇಕೆಯ ಹಣ. ಇಂತಹ ಪ್ರಾಣಿ ಒಂದು ರಾತ್ರಿ ಕಾಡುಮೃಗದ ಪಾಲಾದರೆ, ಇಲ್ಲವೇ ಬೇಲಿಯಿಲ್ಲದ ಹೊಲದಿಂದ ರಸ್ತೆಗೆ ನುಗ್ಗಿ ವಾಹನಕ್ಕೆ ಸಿಕ್ಕಿದರೆ, ಆ ಕುಟುಂಬದ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ. ಆದುದರಿಂದಲೇ ಇತ್ತೀಚಿನ ವರ್ಷಗಳಲ್ಲಿ ವಿದ್ಯುತ್ ಬೇಲಿಯ ಬಗ್ಗೆ ರೈತರಲ್ಲಿ ಆಸಕ್ತಿ ಹೆಚ್ಚಿದೆ.

ಅಂಗಡಿಗೆ ಹೋದ ರೈತನು ಮೊದಲು ಕೇಳುವ ಪ್ರಶ್ನೆ ಒಂದೇ: ಎಕರೆಗೆ ಎಷ್ಟಾಗುತ್ತದೆ? ಪ್ರಶ್ನೆ ಸಹಜವಾದುದು, ಆದರೆ ಅದಕ್ಕೆ ಒಂದೇ ಉತ್ತರವಿಲ್ಲ. ಬೇಲಿಯ ವೆಚ್ಚವು ತಂತಿಯ ಬೆಲೆಗಿಂತ ಹೆಚ್ಚಾಗಿ, ಯಾವ ಜಾಗವನ್ನು, ಯಾವ ಪ್ರಾಣಿಗಾಗಿ, ಯಾವ ಅಪಾಯದಿಂದ ರಕ್ಷಿಸಬೇಕು ಎಂಬ ತೀರ್ಮಾನವನ್ನು ಅವಲಂಬಿಸಿದೆ. ಈ ತೀರ್ಮಾನ ಸರಿಯಾಗಿದ್ದರೆ ಅಲ್ಪ ಹಣದಲ್ಲಿಯೇ ಕೆಲಸವಾಗುತ್ತದೆ; ತಪ್ಪಿದರೆ ಲಕ್ಷ ರೂಪಾಯಿ ಸುರಿದರೂ ದೊಡ್ಡಿ ಬರಿದಾಗಬಹುದು. ಈ ವಿಷಯವನ್ನು ಪುಣೆ ಜಿಲ್ಲೆಯ ನಿದರ್ಶನದೊಂದಿಗೆ ಇಲ್ಲಿ ವಿವರಿಸಲಾಗಿದೆ.

ಪುಣೆ ಜಿಲ್ಲೆಯ ಪರಿಸ್ಥಿತಿ

ಪುಣೆ ನಗರದ ಪೂರ್ವಕ್ಕಿರುವ ಉರುಳಿ ಕಾಂಚನ ಗ್ರಾಮವು ದೇಶದ ಪಶುಸಂಗೋಪನೆಯ ಇತಿಹಾಸದಲ್ಲಿ ಮುಖ್ಯವಾದ ಹೆಸರು. 1946ರಲ್ಲಿ ಮಹಾತ್ಮ ಗಾಂಧಿಯವರು ಇಲ್ಲಿ ಪ್ರಕೃತಿ ಚಿಕಿತ್ಸಾ ಆಶ್ರಮವನ್ನು ಆರಂಭಿಸಿದರು. ಅವರ ಅನುಯಾಯಿ ಮಣಿಭಾಯಿ ದೇಸಾಯಿಯವರು ಇಲ್ಲಿಯೇ ನೆಲೆಸಿ, 1967ರಲ್ಲಿ ಇಂದು ಬೈಫ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸಂಸ್ಥೆಯನ್ನು ಸ್ಥಾಪಿಸಿದರು. ಮಿಶ್ರತಳಿ ಹಸುಗಳನ್ನು ಹಳ್ಳಿಯ ಬಡ ರೈತನ ಮನೆಬಾಗಿಲಿಗೆ ಮುಟ್ಟಿಸುವಲ್ಲಿ ಈ ಸಂಸ್ಥೆಯ ಪಾತ್ರ ಹಿರಿದು. ಮಿಶ್ರತಳಿಯೊಂದಿಗೆ ಹಾಲಿನ ಪ್ರಮಾಣ ಏರಿತು. ಅದರೊಡನೆ ಪ್ರತಿಯೊಂದು ಹಸುವಿನ ಬೆಲೆಯೂ ಏರಿತು. ಒಂದು ಪ್ರಾಣಿಯನ್ನು ಕಳೆದುಕೊಂಡರೆ ಆಗುವ ನಷ್ಟವೂ ಅಷ್ಟೇ ದೊಡ್ಡದಾಯಿತು.

ಜಿಲ್ಲೆಯ ಉತ್ತರ ಭಾಗದ ಚಿತ್ರ ಇನ್ನೊಂದು ಬಗೆಯದು. ಜುನ್ನರ, ಅಂಬೇಗಾಂವ, ಖೇಡ, ಶಿರೂರ ತಾಲ್ಲೂಕುಗಳು ಜುನ್ನರ ಅರಣ್ಯ ವಿಭಾಗಕ್ಕೆ ಸೇರಿವೆ. ಕುಕಡಿ ನೀರಾವರಿ ಯೋಜನೆಯ ಯೇಡಗಾಂವ, ಮಾಣಿಕಡೋಹ, ಡಿಂಭೆ ಮುಂತಾದ ಜಲಾಶಯಗಳಿಂದ ನೀರು ಹರಿದ ಮೇಲೆ ಇಲ್ಲಿನ ಒಣಭೂಮಿಯಲ್ಲಿ ಕಬ್ಬು ನಿಂತಿತು. ಆಳೆತ್ತರಕ್ಕೆ ಬೆಳೆದು ತಿಂಗಳುಗಟ್ಟಲೆ ಮನುಷ್ಯರ ಓಡಾಟವಿಲ್ಲದೆ ನಿಲ್ಲುವ ಕಬ್ಬಿನ ಗದ್ದೆ ಚಿರತೆಗೆ ಕಾಡಿನಂತೆಯೇ ಆಶ್ರಯ ನೀಡುತ್ತದೆ. ಅಲ್ಲಿಯೇ ಅದು ಮರಿಹಾಕುತ್ತದೆ. ಕಬ್ಬು ಕಟಾವಾಗುವ ಚಳಿಗಾಲದ ತಿಂಗಳುಗಳಲ್ಲಿ ಈ ಆಶ್ರಯ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಕಬ್ಬು ಹೆಚ್ಚಾಗಿರುವ ಮಂಡ್ಯ, ಮೈಸೂರು ಜಿಲ್ಲೆಗಳ ಓದುಗರಿಗೂ ಈ ಚಿತ್ರ ಅಪರಿಚಿತವಲ್ಲ.

2001ರಿಂದ 2003ರವರೆಗಿನ ಅವಧಿಯಲ್ಲಿ ಜುನ್ನರ ವಿಭಾಗದಲ್ಲಿ ಮನುಷ್ಯರ ಮೇಲೆ ಚಿರತೆಗಳ ದಾಳಿ ತೀವ್ರವಾಯಿತು. ಅನೇಕ ಚಿರತೆಗಳನ್ನು ಹಿಡಿದು ಬೇರೆಡೆ ಬಿಡಲಾಯಿತು. ಆದರೆ ಹೀಗೆ ಸ್ಥಳಾಂತರಿಸುವುದರಿಂದ ಸಮಸ್ಯೆ ಕಡಿಮೆಯಾಗುವ ಬದಲು ಉಲ್ಬಣಿಸಬಹುದೆಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ನೆರೆಯ ಅಹ್ಮದ್‌ನಗರ, ಅಂದರೆ ಇಂದಿನ ಅಹಿಲ್ಯಾನಗರ ಜಿಲ್ಲೆಯ ಅಕೋಲೆ ಕಣಿವೆಯಲ್ಲಿ ಅವರು ನಡೆಸಿದ ಇನ್ನೊಂದು ಅಧ್ಯಯನದ ಪ್ರಕಾರ, ಜನವಸತಿ ಮತ್ತು ಹೊಲಗದ್ದೆಗಳಿಂದ ತುಂಬಿದ ಆ ಪ್ರದೇಶದಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು 5 ವಯಸ್ಕ ಚಿರತೆಗಳಿದ್ದವು. ಚಿರತೆ ಇಲ್ಲಿ ದಾರಿತಪ್ಪಿ ಬಂದ ಅತಿಥಿಯಲ್ಲ, ನೆಲೆಸಿರುವ ನೆರೆಯ ಪ್ರಾಣಿ. ಆದುದರಿಂದ ಜಾನುವಾರುಗಳನ್ನು ಕಾಪಾಡುವ ಕೆಲಸ ಒಂದು ದಿನದ್ದಲ್ಲ, ಪ್ರತಿ ರಾತ್ರಿಯದು.

ವಿದ್ಯುತ್ ಬೇಲಿಯ ಕಾರ್ಯವಿಧಾನ

ವಿದ್ಯುತ್ ಬೇಲಿಯನ್ನು ಜಾನುವಾರುಗಳಿಗಾಗಿ ವ್ಯಾಪಕವಾಗಿ ರೂಢಿಗೆ ತಂದ ದೇಶಗಳಲ್ಲಿ ನ್ಯೂಜಿಲೆಂಡ್ ಪ್ರಮುಖವಾದುದು. 1930ರ ದಶಕದಲ್ಲಿ ಅಲ್ಲಿನ ಬಿಲ್ ಗ್ಯಾಲಗರ್ ಎಂಬ ರೈತರು, ತಮ್ಮ ಕಾರಿಗೆ ಬಂದು ಮೈಯುಜ್ಜುತ್ತಿದ್ದ ಕುದುರೆಯನ್ನು ದೂರವಿಡಲು ಸಣ್ಣ ವಿದ್ಯುತ್ ಆಘಾತದ ಉಪಾಯವನ್ನು ಹೂಡಿದರೆಂದೂ ಅದರಿಂದಲೇ ಬೇಲಿಯ ಯಂತ್ರ ಬೆಳೆಯಿತೆಂದೂ ಹೇಳಲಾಗುತ್ತದೆ.

ಸಾಮಾನ್ಯ ಬೇಲಿ ಪ್ರಾಣಿಯನ್ನು ಬಲದಿಂದ ತಡೆಯುತ್ತದೆ. ವಿದ್ಯುತ್ ಬೇಲಿ ಅಂಜಿಕೆಯಿಂದ ತಡೆಯುತ್ತದೆ. ಇದರ ಹೃದಯಭಾಗ ಎನರ್ಜೈಜರ್ ಎಂಬ ಪೆಟ್ಟಿಗೆ. ಅದು ಬ್ಯಾಟರಿಯಿಂದಲೋ ಮನೆಯ ಸಂಪರ್ಕದಿಂದಲೋ ವಿದ್ಯುತ್ತನ್ನು ಪಡೆದು, ಸಾವಿರಾರು ವೋಲ್ಟ್ ಒತ್ತಡದ ಕ್ಷಣಿಕ ಮಿಡಿತಗಳನ್ನಾಗಿ ಪರಿವರ್ತಿಸಿ ತಂತಿಗೆ ಕಳುಹಿಸುತ್ತದೆ. ಪ್ರಾಣಿಯು ತಂತಿಯನ್ನು ಮುಟ್ಟಿದಾಗ ಮಿಡಿತವು ಅದರ ದೇಹದ ಮೂಲಕ ನೆಲಕ್ಕಿಳಿದು, ನೆಲದಲ್ಲಿ ಹೂತಿರುವ ಅರ್ತಿಂಗ್ ಸರಳುಗಳ ಮೂಲಕ ಯಂತ್ರಕ್ಕೆ ಮರಳುತ್ತದೆ. ಪ್ರಾಣಿಗೆ ಚುರುಕ್ಕೆಂದು ಪೆಟ್ಟು ತಗಲುತ್ತದೆ. ಅದು ಹಿಂದಕ್ಕೆ ಜಿಗಿಯುತ್ತದೆ. ಮತ್ತೆ ಆ ತಂತಿಯ ಹತ್ತಿರ ಸುಳಿಯಲು ಹಿಂಜರಿಯುತ್ತದೆ.

ಸಾವಿರಾರು ವೋಲ್ಟ್ ಎಂದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ. ಇಲ್ಲಿ ಸುರಕ್ಷತೆಯನ್ನು ನಿರ್ಧರಿಸುವುದು ಮಿಡಿತದ ಅವಧಿ ಮತ್ತು ಅದರಲ್ಲಿ ಅಡಗಿರುವ ಶಕ್ತಿ. ಐಇಸಿ 60335-2-76 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಎರಡು ಮಿಡಿತಗಳ ನಡುವೆ ಕನಿಷ್ಠ 1 ಸೆಕೆಂಡ್ ಬಿಡುವಿರಬೇಕು. 500 ಓಮ್ ಹೊರೆಯಲ್ಲಿ ಅಳೆದಾಗ ಮಿಡಿತವೊಂದರ ಶಕ್ತಿ 5 ಜೂಲ್‌ಗಳನ್ನು ಮೀರಬಾರದು. ಮಿಡಿತದ ಅವಧಿ ಸೆಕೆಂಡಿನ ಅತ್ಯಲ್ಪ ಭಾಗ ಮಾತ್ರ. ಈ ಬಿಡುವೇ ಮನುಷ್ಯನಿಗೂ ಪ್ರಾಣಿಗೂ ತಂತಿಯಿಂದ ಬಿಡಿಸಿಕೊಳ್ಳಲು ಅವಕಾಶ ಕೊಡುವ ರಕ್ಷಾಕವಚ.

ಅಗ್ಗದ ಬೇಲಿ, ದುಬಾರಿ ಬೆಲೆ

ವೆಚ್ಚದ ವಿಚಾರಕ್ಕೆ ಹೋಗುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹೊಲದ ಮೋಟಾರಿನ ಸಂಪರ್ಕದಿಂದಲೋ ಮೇಲೆ ಹಾದುಹೋಗುವ ಲೈನಿನಿಂದಲೋ ನೇರವಾಗಿ ತಂತಿಗೆ ವಿದ್ಯುತ್ ಹರಿಸುವ ಅಭ್ಯಾಸ ಹಲವೆಡೆ ಇದೆ. ಒಂದು ಸುರುಳಿ ತಂತಿ, ನಾಲ್ಕು ಗೂಟ. ಖರ್ಚು ನೂರಾರು ರೂಪಾಯಿ ಮಾತ್ರ. ಆದರೆ ಇದನ್ನು ಬೇಲಿ ಎನ್ನಲಾಗದು. ಇದು ಕೊಲ್ಲುವ ಬಲೆ.

ಮನೆಯ ವಿದ್ಯುತ್ತಿನ ಒತ್ತಡ 230 ವೋಲ್ಟ್ ಮಾತ್ರವಾದರೂ ಅದು ಬಿಡುವಿಲ್ಲದೆ ಹರಿಯುತ್ತದೆ. ಮುಟ್ಟಿದವನ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದೆ ಹೋಗುತ್ತದೆ. ಹೃದಯದ ಬಡಿತ ಅಸ್ತವ್ಯಸ್ತಗೊಂಡು ಕೆಲವೇ ಕ್ಷಣಗಳಲ್ಲಿ ಪ್ರಾಣ ಹೋಗಬಹುದು. ಇಂತಹ ತಂತಿಗೆ ಕಾಡುಹಂದಿ, ಆನೆ, ಚಿರತೆಗಳು ಬಲಿಯಾಗಿವೆ; ನಸುಕಿನಲ್ಲಿ ನೀರು ಹಾಯಿಸಲು ಹೋದ ರೈತರೂ, ನೆರೆಯವರ ಮಕ್ಕಳೂ, ತಾನೇ ಹಾಕಿದ ತಂತಿಯನ್ನು ಮರೆತು ಮುಟ್ಟಿದ ಮನೆಯ ಯಜಮಾನರೂ ಬಲಿಯಾಗಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಇದು ಗಂಭೀರ ಅಪರಾಧ. ಅನಧಿಕೃತವಾಗಿ ವಿದ್ಯುತ್ ಪಡೆಯುವುದು 2003ರ ವಿದ್ಯುಚ್ಛಕ್ತಿ ಅಧಿನಿಯಮದ 135ನೆಯ ಪ್ರಕರಣದಂತೆ ಕಳವು. ಚಿರತೆ ಮತ್ತು ಆನೆಗಳು 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿಗಳಾದುದರಿಂದ ಅವುಗಳ ಸಾವಿಗೆ ಕಾರಣನಾದವನು ಕಠಿಣ ಶಿಕ್ಷೆಗೆ ಗುರಿಯಾಗುತ್ತಾನೆ. ಮನುಷ್ಯನ ಸಾವು ಸಂಭವಿಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಮೊಕದ್ದಮೆ ದಾಖಲಾಗುತ್ತದೆ. ನಿರ್ಲಕ್ಷ್ಯದಿಂದಾದ ಸಾವಿಗೆ 106ನೆಯ ಪ್ರಕರಣದ ಅಡಿಯಲ್ಲಿ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕೆಲವು ಸಾವಿರ ರೂಪಾಯಿಗಳ ಉಳಿತಾಯಕ್ಕಾಗಿ ತೆರಬೇಕಾದ ಈ ಬೆಲೆಯನ್ನು ವೆಚ್ಚದ ಪಟ್ಟಿಯಲ್ಲಿ ಮೊದಲನೆಯ ಸಾಲಾಗಿ ಬರೆದುಕೊಳ್ಳುವುದು ಒಳಿತು.

ವೆಚ್ಚದ ಎರಡು ಭಾಗಗಳು

ಶಾಸ್ತ್ರೀಯವಾಗಿ ಹಾಕಿದ ಬೇಲಿಯ ವೆಚ್ಚವನ್ನು ಎರಡು ಭಾಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಸ್ಥಿರ ವೆಚ್ಚ: ಎನರ್ಜೈಜರ್, ಬ್ಯಾಟರಿ, ಸೌರ ಫಲಕ, ಅರ್ತಿಂಗ್ ಸರಳುಗಳು, ಸಿಡಿಲಿನಿಂದ ಯಂತ್ರವನ್ನು ಕಾಪಾಡುವ ಸಾಧನ, ಸ್ವಿಚ್ಚು ಹಾಗೂ ಎಚ್ಚರಿಕೆಯ ಫಲಕಗಳು. ಬೇಲಿ ಚಿಕ್ಕದಾದರೂ ದೊಡ್ಡದಾದರೂ ಇವು ಬೇಕೇಬೇಕು. ಎರಡನೆಯದು ಉದ್ದಕ್ಕೆ ತಕ್ಕಂತೆ ಏರುವ ವೆಚ್ಚ: ಕಂಬ, ತಂತಿ, ಇನ್ಸುಲೇಟರ್ ಮತ್ತು ಕೂಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬೇಲಿಯನ್ನು ಅಳೆಯುವುದು ಎಕರೆಯಲ್ಲಲ್ಲ, ಸುತ್ತಳತೆಯಲ್ಲಿ. ಚೌಕಾಕಾರದ ಒಂದು ಎಕರೆ ಜಮೀನಿನ ಸುತ್ತಳತೆ ಸುಮಾರು 254 ಮೀಟರ್. ಅದೇ ಒಂದು ಎಕರೆ 20 ಮೀಟರ್ ಅಗಲದ ಉದ್ದನೆಯ ಪಟ್ಟಿಯಾಗಿದ್ದರೆ ಸುತ್ತಳತೆ ಸುಮಾರು 445 ಮೀಟರ್. ಜಮೀನಿನ ವಿಸ್ತೀರ್ಣ ಬದಲಾಗದಿದ್ದರೂ ತಂತಿ, ಕಂಬಗಳ ಖರ್ಚು ಮುಕ್ಕಾಲು ಪಾಲು ಹೆಚ್ಚುತ್ತದೆ. ಅಣ್ಣತಮ್ಮಂದಿರ ನಡುವೆ ಪಾಲಾಗಿ ಪಟ್ಟಿಪಟ್ಟಿಯಾದ ಜಮೀನುಗಳಲ್ಲಿ ಬೇಲಿ ದುಬಾರಿಯಾಗುವುದು ಇದೇ ಕಾರಣದಿಂದ. ಇದಕ್ಕೆ ಪ್ರತಿಯಾಗಿ, ಹತ್ತು ಎಕರೆಯ ಚೌಕದ ಸುತ್ತಳತೆ ಸುಮಾರು 805 ಮೀಟರ್. ಜಮೀನು ಹತ್ತುಪಟ್ಟಾದರೆ ಬೇಲಿ ಮೂರುಪಟ್ಟಿಗಿಂತ ತುಸು ಮಾತ್ರ ಹೆಚ್ಚುತ್ತದೆ.

ಒಂದು ಲೆಕ್ಕದ ಮಾದರಿ

ಈ ತತ್ತ್ವವನ್ನು ಅಂಕಿಗಳಲ್ಲಿ ನೋಡೋಣ. ಕೆಳಗಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೆಲೆಗಳು ಬದಲಾಗುವುದರಿಂದ, ಓದುಗರು ಇವುಗಳ ಜಾಗದಲ್ಲಿ ತಾವು ಪಡೆದ ದರಪಟ್ಟಿಯ ಅಂಕಿಗಳನ್ನು ತುಂಬಿಕೊಳ್ಳಬೇಕು.

ಸ್ಥಿರ ವೆಚ್ಚ: ಎನರ್ಜೈಜರಿಗೆ 10,000 ರೂ., ಬ್ಯಾಟರಿಗೆ 6,000 ರೂ., ಸೌರ ಫಲಕಕ್ಕೆ 3,000 ರೂ., ಅರ್ತಿಂಗ್ ಮತ್ತು ಇತರ ಸಾಮಗ್ರಿಗೆ 3,000 ರೂ. ಒಟ್ಟು 22,000 ರೂ.

ಮೀಟರ್ ಒಂದರ ವೆಚ್ಚ: ಐದು ಮೀಟರಿಗೊಂದು ಕಂಬ, ನೆಡುವ ಖರ್ಚೂ ಸೇರಿ ಕಂಬಕ್ಕೆ 500 ರೂ. ಎಂದರೆ ಮೀಟರಿಗೆ 100 ರೂ. ಕಂಬಕ್ಕೆ ಐದರಂತೆ ಇನ್ಸುಲೇಟರ್, ಒಂದಕ್ಕೆ 12 ರೂ. ಎಂದರೆ ಮೀಟರಿಗೆ 12 ರೂ. ಐದು ಎಳೆ ತಂತಿ. ಎರಡೂವರೆ ಮಿಲಿಮೀಟರ್ ದಪ್ಪದ ಸತು ಲೇಪಿತ ತಂತಿ ಮೀಟರಿಗೆ ಸುಮಾರು 38 ಗ್ರಾಂ ತೂಗುವುದರಿಂದ, ಪೋಲಾಗುವುದೂ ಸೇರಿ ಬೇಲಿಯ ಮೀಟರಿಗೆ 200 ಗ್ರಾಂ ತಂತಿ ಬೇಕು. ಕಿಲೋಗೆ 100 ರೂ. ಎಂದರೆ 20 ರೂ. ತಂತಿ ಬಿಗಿಯುವ ಸಾಧನ, ಗೇಟು ಮತ್ತು ಮೂಲೆಕಂಬಗಳ ಆಸರೆಗೆ 8 ರೂ., ತಂತಿ ಎಳೆಯುವ ಕೂಲಿಗೆ 20 ರೂ. ಒಟ್ಟು ಮೀಟರಿಗೆ 160 ರೂ.

ಈ ದರದಲ್ಲಿ, ಒಂದು ಎಕರೆಯ ಚೌಕಕ್ಕೆ (254 ಮೀಟರ್) 40,640 ರೂ. ಮತ್ತು ಸ್ಥಿರ ವೆಚ್ಚ 22,000 ರೂ. ಸೇರಿ 62,640 ರೂ. ಆಗುತ್ತದೆ. ಹತ್ತು ಎಕರೆಗೆ (805 ಮೀಟರ್) 1,50,800 ರೂ., ಅಂದರೆ ಎಕರೆಗೆ ಸುಮಾರು 15,000 ರೂ. ಮಾತ್ರ. ಬೇಲಿ ಉದ್ದವಾದಂತೆ ಹೆಚ್ಚು ಸಾಮರ್ಥ್ಯದ ಯಂತ್ರ ಬೇಕಾಗಬಹುದಾದರೂ ಒಟ್ಟು ಚಿತ್ರ ಬದಲಾಗುವುದಿಲ್ಲ. ಅಕ್ಕಪಕ್ಕದ ಜಮೀನಿನ ರೈತರು ಕೂಡಿ ಒಂದೇ ಬೇಲಿ ಹಾಕಿಕೊಂಡರೆ ಪ್ರತಿಯೊಬ್ಬರ ಹೊರೆಯೂ ಗಣನೀಯವಾಗಿ ಇಳಿಯುತ್ತದೆ. ಆದರೆ ಬ್ಯಾಟರಿ ನೋಡಿಕೊಳ್ಳುವವರು ಯಾರು, ಹುಲ್ಲು ಸವರುವವರು ಯಾರು, ದುರಸ್ತಿಯ ಹಣ ಹೇಗೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಎಲ್ಲರಿಗೂ ಸೇರಿದ ಬೇಲಿ ಯಾರಿಗೂ ಸೇರದ ಬೇಲಿಯಾಗಬಾರದು.

ಇನ್ನು ಒಂದು ಗುಂಟೆಯ ರಾತ್ರಿದೊಡ್ಡಿಯನ್ನು ತೆಗೆದುಕೊಳ್ಳೋಣ. ಅದರ ಸುತ್ತಳತೆ ಸುಮಾರು 40 ಮೀಟರ್. ವೆಚ್ಚ 6,400 ರೂ. ಮತ್ತು 22,000 ರೂ. ಸೇರಿ 28,400 ರೂ. ಮೀಟರಿನ ಲೆಕ್ಕದಲ್ಲಿ ಇದು 710 ರೂ.; ಒಂದು ಎಕರೆಯ ಬೇಲಿಗೆ ಮೀಟರಿಗೆ ತಗಲುವ 247 ರೂ.ಗಳ ಸುಮಾರು ಮೂರುಪಟ್ಟು. ಆದರೂ ಕೈಯಿಂದ ಹೊರಡುವ ಹಣ ಅರ್ಧಕ್ಕಿಂತ ಕಡಿಮೆ. ಮೀಟರಿನ ದರವನ್ನಷ್ಟೇ ನೋಡಿದವರು ದೊಡ್ಡ ಬೇಲಿಯೇ ಅಗ್ಗವೆಂದು ಭಾವಿಸುತ್ತಾರೆ. ರಕ್ಷಣೆ ಬೇಕಾದ ಜಾಗವನ್ನು ನೋಡಿದವರು ಚಿಕ್ಕ ಬೇಲಿಯಲ್ಲಿಯೇ ಕೆಲಸ ಮುಗಿಸುತ್ತಾರೆ. ಹಗಲಿನಲ್ಲಿ ಮಂದೆಯ ಜೊತೆ ಕಾಯುವವರಿರುತ್ತಾರೆ. ಅಪಾಯ ಹೆಚ್ಚಾಗಿರುವುದು ಪ್ರಾಣಿಗಳು ಮಲಗುವ ಜಾಗದಲ್ಲಿ.

ಹತ್ತು ವರ್ಷಗಳ ವೆಚ್ಚ

ಬೇಲಿ ಹಾಕಿದ ದಿನಕ್ಕೆ ಖರ್ಚು ಮುಗಿಯುವುದಿಲ್ಲ. ವಿದ್ಯುತ್ತಿನ ಖರ್ಚು ಮಾತ್ರ ನಗಣ್ಯ: 10 ವ್ಯಾಟ್ ಸೆಳೆಯುವ ಯಂತ್ರ ಹಗಲಿರುಳು ನಡೆದರೂ ತಿಂಗಳಿಗೆ ಸುಮಾರು 7 ಯೂನಿಟ್ ಸಾಕು. ಸೌರ ಫಲಕದ ನಿಜವಾದ ಉಪಯೋಗ ವಿದ್ಯುತ್ ಬಿಲ್ಲಿನ ಉಳಿತಾಯಕ್ಕಿಂತ, ವಿದ್ಯುತ್ ಕಡಿತದ ರಾತ್ರಿಯಲ್ಲಿಯೂ ಬೇಲಿ ಜೀವಂತವಾಗಿರುವುದರಲ್ಲಿದೆ.

ನಿಜವಾದ ಖರ್ಚು ಬ್ಯಾಟರಿ ಮತ್ತು ಶ್ರಮದ್ದು. ಹತ್ತು ವರ್ಷಗಳಲ್ಲಿ ಬ್ಯಾಟರಿಯನ್ನು ಎರಡು ಬಾರಿಯಾದರೂ ಬದಲಾಯಿಸಬೇಕಾಗುತ್ತದೆ. ಮೇಲಿನ ಮಾದರಿಯಂತೆ ಇದು 12,000 ರೂ. ಒಂದು ಎಕರೆಯ ಬೇಲಿಗೆ ಇನ್ಸುಲೇಟರ್, ತಂತಿಗಳ ದುರಸ್ತಿಗೆ ವರ್ಷಕ್ಕೆ 1,000 ರೂ., ಹುಲ್ಲು ಸವರುವ ನಾಲ್ಕು ಆಳಿಗೆ 400 ರೂ.ನಂತೆ 1,600 ರೂ. ಎಂದಿಟ್ಟುಕೊಂಡರೆ ಹತ್ತು ವರ್ಷಕ್ಕೆ 26,000 ರೂ. ಒಟ್ಟಿನಲ್ಲಿ 62,640 ರೂ.ಗಳ ಬೇಲಿ ಹತ್ತು ವರ್ಷಗಳಲ್ಲಿ ಒಂದು ಲಕ್ಷ ರೂಪಾಯಿಯ ಬೇಲಿಯಾಗುತ್ತದೆ. ವರ್ಷಕ್ಕೆ ಸುಮಾರು 10,000 ರೂ. ಈ ಮೊತ್ತವನ್ನು, ಬೇಲಿಯಿಲ್ಲದಿದ್ದರೆ ವರ್ಷವೊಂದಕ್ಕೆ ಸರಾಸರಿ ಎಷ್ಟು ಪ್ರಾಣಿಗಳು ನಷ್ಟವಾಗುತ್ತಿದ್ದವು ಎಂಬ ತಮ್ಮ ಅನುಭವದ ಲೆಕ್ಕದೊಡನೆ ರೈತರು ತೂಗಿನೋಡಬೇಕು. ಹಣವಿಲ್ಲವೆಂದು ಬ್ಯಾಟರಿ ಬದಲಾಯಿಸದೆ ಬಿಟ್ಟ ಬೇಲಿ ಬರಿಯ ತಂತಿ. ಮೊದಲು ಹಾಕಿದ ಅಷ್ಟೂ ಹಣ ಆ ದಿನವೇ ವ್ಯರ್ಥವಾಗುತ್ತದೆ.

ನೆಲ, ಮಳೆ ಮತ್ತು ಪ್ರಾಣಿಯ ಸ್ವಭಾವ

ಒಂದು ಊರಿನಲ್ಲಿ ಯಶಸ್ವಿಯಾದ ಬೇಲಿ ಇನ್ನೊಂದು ಊರಿನಲ್ಲಿ ಸೋಲಲು ನೆಲವೂ ಕಾರಣವಾಗುತ್ತದೆ. ಪುಣೆಯ ಪೂರ್ವ ತಾಲ್ಲೂಕುಗಳು ಮಳೆನೆರಳಿನ ಪ್ರದೇಶಕ್ಕೆ ಸೇರಿವೆ. ಕೆಳಗಿರುವುದು ದಖನ್ನಿನ ಕರಿಯ ಬಸಾಲ್ಟ್ ಶಿಲೆ. ವಿಜಯಪುರ, ಕಲಬುರಗಿ ಕಡೆಯ ರೈತರಿಗೂ ಇಂತಹ ನೆಲ ಪರಿಚಿತವೇ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟ ನೆಲ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಪ್ರಾಣಿ ತಂತಿಯನ್ನು ಮುಟ್ಟಿದರೂ ಪೆಟ್ಟು ತಗಲುವುದಿಲ್ಲ. ಆದುದರಿಂದ ಅರ್ತಿಂಗ್ ಸರಳುಗಳನ್ನು ಬಾವಿ ಅಥವಾ ಕಾಲುವೆಯ ಬಳಿಯ ತೇವವಿರುವ ಜಾಗದಲ್ಲಿ ಆಳವಾಗಿ ಹೂಳಬೇಕು. ಇದೂ ಸಾಲದ ಕಡೆ ಒಂದು ಎಳೆಯಲ್ಲಿ ವಿದ್ಯುತ್, ಮತ್ತೊಂದು ಎಳೆಗೆ ಅರ್ತಿಂಗ್ ಸಂಪರ್ಕ, ಹೀಗೆ ಒಂದು ಬಿಟ್ಟೊಂದು ತಂತಿಯನ್ನು ಜೋಡಿಸುತ್ತಾರೆ. ಎರಡನ್ನೂ ಒಟ್ಟಿಗೆ ಮುಟ್ಟಿದ ಪ್ರಾಣಿಗೆ ಒಣನೆಲದಲ್ಲಿಯೂ ಪೆಟ್ಟು ತಗಲುತ್ತದೆ. ಬೇಲಿಯ ಅರ್ತಿಂಗ್ ಮನೆಯ ಅರ್ತಿಂಗಿನಿಂದ ಕನಿಷ್ಠ 10 ಮೀಟರ್ ದೂರವಿರಬೇಕು.

ಮಳೆಗಾಲದ ತೊಂದರೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳೆಯುವ ಹುಲ್ಲು, ಬಳ್ಳಿಗಳು ತಂತಿಯನ್ನು ತಾಗಿ ವಿದ್ಯುತ್ತನ್ನು ನೆಲಕ್ಕೆ ಸೋರಿಸುತ್ತವೆ. ಬೇಲಿಗೆಂದೇ ದೊರೆಯುವ ವೋಲ್ಟ್ ಮಾಪಕದಿಂದ ವಾರಕ್ಕೊಮ್ಮೆ, ಯಂತ್ರದಿಂದ ಅತಿ ದೂರದ ತುದಿಯಲ್ಲಿ ಅಳೆದು ನೋಡಬೇಕು. ಅಲ್ಲಿ 3,000 ವೋಲ್ಟಿಗಿಂತ ಕಡಿಮೆ ಬಂದರೆ ಎಲ್ಲಿಯೋ ಸೋರಿಕೆಯಿದೆ ಎಂದರ್ಥ.

ಪ್ರಾಣಿಗೆ ತಕ್ಕಂತೆ ತಂತಿಯ ಸಂಖ್ಯೆಯೂ ಖರ್ಚೂ ಬದಲಾಗುತ್ತವೆ. ಪಳಗಿದ ಹಸು, ಎಮ್ಮೆಗಳಿಗೆ ಒಂದೆರಡು ಎಳೆಗಳೇ ಸಾಕು. ಮೇಕೆ ತಂತಿಯಡಿ ನುಸುಳುವ ಜಾಣ ಪ್ರಾಣಿ. ಅದಕ್ಕೆ ನೆಲದಿಂದ ಗೇಣೆತ್ತರಕ್ಕೆ ಮೊದಲ ಎಳೆ, ಮೇಲೆ ಇನ್ನೂ ಮೂರು ನಾಲ್ಕು ಎಳೆಗಳು ಬೇಕು. ಕುರಿಯ ಉಣ್ಣೆ ವಿದ್ಯುತ್ತನ್ನು ತಡೆಯುವುದರಿಂದ ಅದರ ಮೂಗು ಇಲ್ಲವೇ ಕಾಲು ತಂತಿಗೆ ತಗಲಿದಾಗ ಮಾತ್ರ ಪೆಟ್ಟು ಮುಟ್ಟುತ್ತದೆ. ಎಳೆಗಳ ಎತ್ತರವನ್ನು ಅದಕ್ಕೆ ಹೊಂದಿಸಬೇಕು. ಹೊಸ ಪ್ರಾಣಿಗಳನ್ನು ಮೊದಲ ಕೆಲವು ದಿನ ಹಗಲಿನಲ್ಲಿ ಚಿಕ್ಕ ಆವರಣದಲ್ಲಿಟ್ಟು ಬೇಲಿಯ ಪರಿಚಯ ಮಾಡಿಸುವುದು ಅಗತ್ಯ. ಬೇಲಿಯ ಅರಿವಿಲ್ಲದ ಪ್ರಾಣಿ ಬೆದರಿ ಓಡಿದರೆ ತಂತಿಯನ್ನೇ ಕಿತ್ತುಕೊಂಡು ಹೋಗುತ್ತದೆ.

ಚಿರತೆಯ ಮುಂದೆ ಬೇಲಿಯ ಮಿತಿ

ವಿದ್ಯುತ್ ಬೇಲಿ ಒಳಗಿನ ದನಕರುಗಳನ್ನು ಒಳಗೇ ಉಳಿಸುವುದರಲ್ಲಿ ಬಹಳ ಸಮರ್ಥ. ಹೊರಗಿನ ಚಿರತೆಯನ್ನು ಹೊರಗೇ ಉಳಿಸುವುದರಲ್ಲಿ ಅದಕ್ಕೆ ಮಿತಿಯಿದೆ. ಚಿರತೆ ಮರ ಹತ್ತಬಲ್ಲ, ಎತ್ತರಕ್ಕೆ ಜಿಗಿಯಬಲ್ಲ ಪ್ರಾಣಿ. ಬೇಲಿಯ ಬಳಿ ಒಂದು ಮರವೋ ಬಣವೆಯೋ ಇದ್ದರೆ ಅದೇ ಅದಕ್ಕೆ ಏಣಿಯಾಗುತ್ತದೆ.

ಅಕೋಲೆ ಕಣಿವೆಯ ಚಿರತೆಗಳ ಆಹಾರದ ಬಗ್ಗೆ ನಡೆದ ಅಧ್ಯಯನ ಇಲ್ಲಿ ಬೆಳಕು ಚೆಲ್ಲುತ್ತದೆ. ಅವುಗಳ ಆಹಾರದಲ್ಲಿ ಮೊದಲ ಸ್ಥಾನ ನಾಯಿಗಳದು. ತೂಕದ ಲೆಕ್ಕದಲ್ಲಿ ಸುಮಾರು ಶೇ. 39. ಸಂಖ್ಯೆಯಲ್ಲಿ ನಾಯಿಗಳಿಗಿಂತ ಎಷ್ಟೋ ಹೆಚ್ಚಿದ್ದ ಮೇಕೆಗಳ ಪಾಲು ಅದಕ್ಕಿಂತ ಬಹಳ ಕಡಿಮೆ. ನಾಯಿ ರಾತ್ರಿಯಿಡೀ ಹೊರಗಿರುತ್ತದೆ. ಮೇಕೆಯನ್ನು ರಾತ್ರಿ ಕೂಡಿಹಾಕುತ್ತಾರೆ. ಬಾಗಿಲು ಭದ್ರವಾದ ಕೊಟ್ಟಿಗೆಯೇ ಜಾನುವಾರಿನ ಮೊದಲ ರಕ್ಷಣೆ ಎಂಬ ಪಾಠ ಇದರಲ್ಲಿದೆ.

ಹತ್ತು ಮೇಕೆಗಳಿರುವ ಕುಟುಂಬಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ಬೆಳೆದ ಮೇಕೆಯೊಂದಕ್ಕೆ ರಾತ್ರಿ ತಂಗಲು ಸುಮಾರು ಒಂದು ಚದರ ಮೀಟರ್ ಜಾಗ ಸಾಕು. ಹತ್ತು ಮೇಕೆಗಳಿಗೆ ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಗೂಡು ಧಾರಾಳವಾಯಿತು. ಮೇಲಿನ ಮಾದರಿಯ 22,000 ರೂ. ಸ್ಥಿರ ವೆಚ್ಚವನ್ನು ಬೇಲಿಯ ಯಂತ್ರಕ್ಕೆ ಹಾಕುವ ಬದಲು, ಗಟ್ಟಿಯಾದ ಜಾಲರಿ, ಮೇಲ್ಛಾವಣಿ, ಒಳಗಿನಿಂದ ತಳ್ಳಿದರೂ ಹೊರಗಿನಿಂದ ಕೆರೆದರೂ ತೆರೆಯದ ಬಾಗಿಲಿಗೆ ವಿನಿಯೋಗಿಸಿದರೆ ರಕ್ಷಣೆ ಹೆಚ್ಚು, ನಿರ್ವಹಣೆ ಕಡಿಮೆ. ವಿದ್ಯುತ್ ಬೇಲಿ ಉಪಯುಕ್ತವಾಗುವುದು ಮೇಲ್ಛಾವಣಿ ಹಾಕಲಾಗದಷ್ಟು ದೊಡ್ಡ ಮಂದೆಗೆ ಮತ್ತು ಮೇವಿನ ಜಾಗವನ್ನು ವಿಭಾಗಿಸಿ ಮೇಯಿಸುವ ಹೈನುಗಾರರಿಗೆ.

ಧನಗರ ಕುರಿಗಾಹಿಗಳ ಸಮಸ್ಯೆಯೇ ಬೇರೆ. ಮಳೆಗಾಲ ಕಳೆದ ಮೇಲೆ ದಖನ್ನಿನ ಒಣ ಪ್ರದೇಶದಿಂದ ಸಹ್ಯಾದ್ರಿಯನ್ನು ದಾಟಿ ಕೊಂಕಣದ ಕಡೆಗೆ ಹೋಗುವ ಇವರು ಕುರಿಗಳ ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಮಂದೆಯನ್ನು ತಂಗಿಸುತ್ತಾರೆ. ನಮ್ಮ ಕುರುಬ ಸಮುದಾಯದವರಲ್ಲಿಯೂ ಇದೇ ಪದ್ಧತಿಯಿದೆ. ಇಂದು ಇಲ್ಲಿ, ನಾಳೆ ಇನ್ನೊಂದೆಡೆ ಬೀಡುಬಿಡುವವರಿಗೆ ಕಂಬ ನೆಟ್ಟ ಬೇಲಿ ನಿರುಪಯುಕ್ತ. ಅವರಿಗೆ ಒದಗುವುದು ವಿದ್ಯುತ್ ಹರಿಯುವ ಎಳೆಗಳನ್ನು ಹೆಣೆದ ನೈಲಾನ್ ಬಲೆ, ಹಗುರವಾದ ಗೂಟ ಮತ್ತು ಬ್ಯಾಟರಿಯ ಚಿಕ್ಕ ಯಂತ್ರ. ಆದರೆ ಇದರ ಜೊತೆಗೆ ದೀಪ, ನಾಯಿ, ಎಚ್ಚರವಾಗಿರುವ ಮನುಷ್ಯ ಇವು ಇರಲೇಬೇಕು. ಅದಕ್ಕಿಂತ ಮುಖ್ಯವಾಗಿ, ಕುರಿಗಾಹಿಯ ಮಕ್ಕಳು ಬಯಲಿನಲ್ಲಿ ಮಲಗದಂತೆ ನೋಡಿಕೊಳ್ಳಬೇಕು. ಕುರಿಗೆ ಬೇಲಿ ಹಾಕಿ ಮಗುವನ್ನು ಹೊರಗೆ ಮಲಗಿಸಿದರೆ ಆ ಬೇಲಿಯಿಂದ ಯಾರಿಗೂ ಒಳಿತಾಗದು.

ಸರ್ಕಾರದ ನೆರವು

ಮಹಾರಾಷ್ಟ್ರ ಸರ್ಕಾರವು ಡಾ. ಶ್ಯಾಮಾಪ್ರಸಾದ ಮುಖರ್ಜಿ ಜನ-ವನ ವಿಕಾಸ ಯೋಜನೆಯಲ್ಲಿ ಸೌರ ಬೇಲಿಯನ್ನು 2022ರಲ್ಲಿ ಸೇರಿಸಿ, ಸಲಕರಣೆಯ ಬೆಲೆಯ ಶೇ. 75 ಅಥವಾ 15,000 ರೂ., ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ನೆರವಾಗಿ ನಿಗದಿಪಡಿಸಿತು. ಈ ನಿಯಮದ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಸಲಕರಣೆಯ ಬೆಲೆ 20,000 ರೂ. ತಲಪುವವರೆಗೆ ಮುಕ್ಕಾಲು ಪಾಲು ಸರ್ಕಾರದ್ದು. ಅದನ್ನು ಮೀರಿದ ಪ್ರತಿಯೊಂದು ರೂಪಾಯಿಯೂ ರೈತನದು. ಶೇ. 75 ಎಂಬ ಮಾತನ್ನಷ್ಟೇ ಕೇಳಿ ದೊಡ್ಡ ಬೇಲಿಗೆ ಸಾಲ ಮಾಡಿದವರು ಕಷ್ಟಕ್ಕೆ ಸಿಲುಕಬಹುದು. ಯೋಜನೆಗಳ ನಿಯಮ, ಮಿತಿ ಮತ್ತು ಅರ್ಹ ಗ್ರಾಮಗಳ ಪಟ್ಟಿ ಆಗಾಗ ಪರಿಷ್ಕರಣೆಗೊಳ್ಳುವುದರಿಂದ, ಹಣ ಕೊಡುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಕರ್ನಾಟಕದ ರೈತರೂ ತಮ್ಮ ಪ್ರದೇಶದ ಅರಣ್ಯ ಕಚೇರಿಯಿಂದ ಇಂತಹ ನೆರವಿನ ವಿವರ ಪಡೆಯಬೇಕು.

ಕಾಡುಪ್ರಾಣಿಯಿಂದ ಜಾನುವಾರು ಸತ್ತಾಗ ದೊರೆಯುವ ಪರಿಹಾರವೂ ಲೆಕ್ಕಕ್ಕೆ ಸೇರಬೇಕು. ಅದಕ್ಕಾಗಿ ಘಟನೆಯನ್ನು ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಸಿಬ್ಬಂದಿ ಬಂದು ಪಂಚನಾಮೆ ಮಾಡುವವರೆಗೆ ಕಳೇಬರವನ್ನು ಸ್ಥಳದಿಂದ ಕದಲಿಸಬಾರದು. ಕಳೇಬರಕ್ಕೆ ವಿಷ ಬೆರೆಸುವುದಂತೂ ಅಪರಾಧ.

ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

1. ಎನರ್ಜೈಜರ್ ಐಇಸಿ 60335-2-76 ಅಥವಾ ಅದಕ್ಕೆ ಸಂವಾದಿಯಾದ ಭಾರತೀಯ ಮಾನಕಕ್ಕೆ ಅನುಗುಣವಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಊರಿನ ಕಾರ್ಯಾಗಾರದಲ್ಲಿ ಜೋಡಿಸಿದ, ಗುರುತುಪಟ್ಟಿಯಿಲ್ಲದ ಪೆಟ್ಟಿಗೆಯನ್ನು ಕೊಳ್ಳಬಾರದು.

2. ದರಪಟ್ಟಿಯನ್ನು ಕನಿಷ್ಠ ಮೂವರಿಂದ, ಸ್ಥಿರ ವೆಚ್ಚ ಮತ್ತು ಮೀಟರಿನ ವೆಚ್ಚವನ್ನು ಬೇರೆಬೇರೆಯಾಗಿ ತೋರಿಸುವಂತೆ ಬರೆಯಿಸಿಕೊಳ್ಳಬೇಕು. ಬ್ಯಾಟರಿ ಮತ್ತು ಯಂತ್ರದ ಖಾತರಿ ಎಷ್ಟು ವರ್ಷ, ದುರಸ್ತಿಗೆ ಎಲ್ಲಿಗೆ ಹೋಗಬೇಕು ಎಂಬುದೂ ಅದರಲ್ಲಿರಬೇಕು.

3. ಮುಳ್ಳುತಂತಿಗೆ ಎಂದಿಗೂ ವಿದ್ಯುತ್ ಹರಿಸಬಾರದು. ಅದರಲ್ಲಿ ಸಿಲುಕಿದ ಪ್ರಾಣಿ ಅಥವಾ ಮನುಷ್ಯ ಬಿಡಿಸಿಕೊಳ್ಳಲಾಗದೆ ಮಿಡಿತದ ಮೇಲೆ ಮಿಡಿತಕ್ಕೆ ತುತ್ತಾಗುತ್ತಾನೆ.

4. ಒಂದೇ ಬೇಲಿಗೆ ಎರಡು ಯಂತ್ರಗಳನ್ನು ಜೋಡಿಸಬಾರದು. ಬೇರೆಬೇರೆ ಯಂತ್ರಗಳಿರುವ ಎರಡು ಬೇಲಿಗಳ ನಡುವೆ ಕನಿಷ್ಠ ಎರಡೂವರೆ ಮೀಟರ್ ಅಂತರವಿರಬೇಕು.

5. ದಾರಿಯ ಅಂಚಿನಲ್ಲಿ, ಶಾಲೆಗೆ ಹೋಗುವ ಮಕ್ಕಳಿಗೂ ತಿಳಿಯುವಂತೆ, ಹಳದಿ ಬಣ್ಣದ ಎಚ್ಚರಿಕೆಯ ಫಲಕಗಳನ್ನು ತೂಗುಹಾಕಬೇಕು. ನೆರೆಯ ಜಮೀನಿನವರಿಗೆ ಬೇಲಿಯ ವಿಷಯ ಮೊದಲೇ ತಿಳಿಸಿರಬೇಕು.

6. ವಿದ್ಯುತ್ ಸರಬರಾಜಿನ ಲೈನುಗಳ ಕೆಳಗೆ ಬೇಲಿಯನ್ನು ಒಯ್ಯುವುದನ್ನು ಸಾಧ್ಯವಾದಷ್ಟು ತಪ್ಪಿಸಬೇಕು. ಮೇಲಿನ ತಂತಿ ಕಡಿದು ಬೇಲಿಯ ಮೇಲೆ ಬಿದ್ದರೆ ಇಡೀ ಬೇಲಿ ಮಾರಕವಾಗುತ್ತದೆ.

ರೈತನು ಬೇಲಿ ಹಾಕುವುದು ತನ್ನ ಪ್ರಾಣಿಯನ್ನು ಉಳಿಸಿಕೊಳ್ಳಲು. ನೆರೆಯವನ ಪ್ರಾಣಕ್ಕೆ ಎರವಾಗಲು ಅಲ್ಲ. ಮೊದಲು ಭದ್ರವಾದ ರಾತ್ರಿದೊಡ್ಡಿ, ಅದು ಸಾಲದಿದ್ದರೆ ದೊಡ್ಡಿಯ ಸುತ್ತ ಮಾನಕಕ್ಕೆ ಒಪ್ಪುವ ವಿದ್ಯುತ್ ಬೇಲಿ, ನೆರೆಹೊರೆಯವರು ಕೂಡಿಬಂದರೆ ಇಡೀ ಹೊಲಕ್ಕೆ ಸಾಮೂಹಿಕ ಬೇಲಿ: ಈ ಕ್ರಮದಲ್ಲಿ ಯೋಚಿಸಿದರೆ ವೆಚ್ಚ ತಾನಾಗಿಯೇ ಹತೋಟಿಗೆ ಬರುತ್ತದೆ. ತಂತಿ ಎಳೆಯುವ ಮೊದಲು ಒಂದು ಸಂಜೆ ಕುಳಿತು, ದೊಡ್ಡಿಯ ಸುತ್ತಳತೆಯನ್ನು ಹಗ್ಗದಿಂದ ಅಳೆದು, ಹತ್ತು ವರ್ಷಗಳ ಖರ್ಚನ್ನು ಹಾಳೆಯ ಮೇಲೆ ಬರೆದು ನೋಡುವುದು ಒಳಿತು. ಆ ಹಾಳೆಗೆ ಹಣ ಬೇಕಿಲ್ಲ. ಅದು ಉಳಿಸುವ ಹಣ ಮಾತ್ರ ಅಲ್ಪವಲ್ಲ.